ಹಾಲೇಶ ಕಿವುಡನಾದ ಒಂಬತ್ತು ದಿನ

ಆದೋನಿಯ ಒಂದು ಹತ್ತಿ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾದ ಮುಂದೆ ಇಪ್ಪತ್ತೆರಡು ವರ್ಷ ಕೂತ ಹಾಲೇಶನಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಕಾಟಾ ತೋರಿಸಿದ್ದನ್ನು ಬರೆಯುವುದು ಆತನ ಕೆಲಸ; ಅಲ್ಲಿ ಕಲ್ಪನೆಗೆ ಜಾಗವಿಲ್ಲ. ಹೀಗಾಗಿ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಆತ ಹೇಳಿದ ಮೊದಲ ಸುಳ್ಳು ಅಂದಾಜಿಗಿಂತ ಹೆಚ್ಚೇ ತೂಗಿತು.

ಹೇಳಿದ್ದು ಬೀಗರ ಮುಂದೆ. ಮಗಳು ಸುಷ್ಮಾಳನ್ನು ಮದ್ದಿಕೇರದ ಪಂಪಣ್ಣನವರ ಮಗ ಸೋಮೇಶನಿಗೆ ಕೊಡುವ ಮಾತುಕತೆ ಅಂದು ಹಾಲೇಶನ ಮನೆಯಲ್ಲೇ ನಡೆದಿತ್ತು. ಪಂಪಣ್ಣ ನಲವತ್ತು ಎಕರೆಯ ಒಡೆಯ. ಮಾತು ಕಡಿಮೆ, ನಗು ಹೆಚ್ಚು. ಮಾತಿನ ಕೆಲಸವನ್ನೆಲ್ಲ ಆತನ ತಮ್ಮ, ಅಂದರೆ ಹುಡುಗನ ಚಿಕ್ಕಪ್ಪ, ಗುತ್ತಿಗೆ ಹಿಡಿದಿದ್ದ. ಉಗ್ಗಾನಿ, ಬಜ್ಜಿ ಮುಗಿದು ಚಹಾ ಬಂದ ಹೊತ್ತಿಗೆ ಚಿಕ್ಕಪ್ಪ ಮೀಸೆ ಒರೆಸಿಕೊಂಡು ಹೇಳಿದ:

"ನಮ್ಮ ಮನಿತನದಾಗ ಸಂಗೀತ ಐತ್ರಿ. ನಾನು ಹಾರ್ಮೋನಿಯಂ. ನಮ್ಮಪ್ಪ ತಬಲಾ. ಅವರಪ್ಪ ಏಕತಾರಿ. ನಿಮ್ಮ ಕಡೆ ಏನೈತ್ರಿ?"

ಹಾಲೇಶನ ಮನೆತನದಲ್ಲಿ ಮೂರು ತಲೆಮಾರಿನಿಂದ ಇದ್ದದ್ದು ಹತ್ತಿ ಮತ್ತು ಹತ್ತಿಯ ಧೂಳಿನ ಕೆಮ್ಮು. ಆದರೆ ಮಗಳ ಮದುವೆ ಮಾತಿನಲ್ಲಿ ಕೆಮ್ಮನ್ನು ಎತ್ತುವುದು ಚೆನ್ನಾಗಿರುವುದಿಲ್ಲ. ಎಲ್ಲರ ಕಣ್ಣು ತನ್ನ ಮೇಲಿದ್ದಾಗ ಹಾಲೇಶನ ಬಾಯಿ ತಾನಾಗಿ ತೆರೆಯಿತು.

"ನಾನು ಗಿಟಾರ್ ಬಾರಿಸ್ತೀನ್ರಿ."

ಚಹಾದ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ಶೋಭಾರಾಣಿ ಗಂಡನನ್ನು ಬೇರೆ ಯಾರದೋ ಗಂಡನನ್ನು ನೋಡಿದಂತೆ ನೋಡಿದಳು.

"ಹೌದೇನ್ರಿ!" ಎಂದ ಚಿಕ್ಕಪ್ಪ. "ಹಂಗಾದ್ರ ನಿಶ್ಚಿತಾರ್ಥದ ದಿನ ಬಾರಿಸ್ರಿ ಮತ್ತ. ಮದ್ದಿಕೇರದಿಂದ ಅರವತ್ತು ಮಂದಿ ಬರ್ತೀವಿ. ಕೇಳೇ ಬಿಡೋಣ."

ನಿಶ್ಚಿತಾರ್ಥಕ್ಕೆ ಹದಿನೆಂಟು ದಿನವಿತ್ತು.

ಪೂರಾ ಸುಳ್ಳು ಎನ್ನುವಂತೆಯೂ ಇರಲಿಲ್ಲ. ಪಾಲಿಟೆಕ್ನಿಕ್ ಓದುವಾಗ ಹಾಲೇಶನ ರೂಮಿನ ಗೆಳೆಯನೊಬ್ಬನ ಹತ್ತಿರ ಗಿಟಾರ್ ಇತ್ತು. ಗೆಳೆಯ ಸ್ನಾನಕ್ಕೆ ಹೋದಾಗಲೆಲ್ಲ ಹಾಲೇಶ ಅದನ್ನು ಮಡಿಲಲ್ಲಿಟ್ಟುಕೊಂಡು ಒಂದು ತಂತಿಯ ಮೇಲೆ ಒಂದು ಧಾಟಿ ಕಲಿತಿದ್ದ. ಗೆಳೆಯ ದಿನಾ ಸ್ನಾನ ಮಾಡುವವನಲ್ಲವಾದ್ದರಿಂದ ಎರಡನೆಯ ಧಾಟಿಗೆ ಹೋಗಲಾಗಲಿಲ್ಲ.

ಗಿಟಾರ್ ಕೊಳ್ಳಬಹುದಿತ್ತು. ಆದರೆ ಫೋನಿನಲ್ಲಿ ಒಂದು ವೀಡಿಯೊ ನೋಡಿದ ಮೇಲೆ, ಕೊಂಡ ಗಿಟಾರನ್ನು ಯಾರು ಬೇಕಾದರೂ ಬಾರಿಸುತ್ತಾರೆ, ಮಾಡಿದ್ದನ್ನು ಬಾರಿಸುವುದೇ ಗಂಡಸುತನ ಎಂದು ಹಾಲೇಶ ತೀರ್ಮಾನಿಸಿದ. ಮಿಲ್ಲಿನ ಮುರಿದ ಬೇವಿನ ಬಾಗಿಲು ಗಿಟಾರಿನ ಮೈಯಾಯಿತು. ಬಳ್ಳಾರಿಯಿಂದ ಹಳೆಯ ಗಿಟಾರಿನ ಕುತ್ತಿಗೆಯೊಂದನ್ನು, ಹೊಸ ತಂತಿಗಳನ್ನು ತರಿಸಿದ. ತಂತಿಯ ನಡುಕವನ್ನು ಹಿಡಿದು ಕರೆಂಟಾಗಿ ಮಾಡುವ ಸುರುಳಿ ಬೇಕಲ್ಲ, ಅದಕ್ಕೆ ಮನೆಯ ಟೇಬಲ್ ಫ್ಯಾನಿನ ತಾಮ್ರವನ್ನು ಬಿಚ್ಚಿ ಅಯಸ್ಕಾಂತದ ಸುತ್ತ ಕೈಯಾರೆ ಸುತ್ತಿದ. ಫ್ಯಾನು ಸತ್ತಿತ್ತೇ ಎಂದು ಶೋಭಾರಾಣಿ ಕೇಳಿದಳು. ಈಗ ಸತ್ತಿದೆ ಎಂದು ಹಾಲೇಶ ಪ್ರಾಮಾಣಿಕವಾಗಿಯೇ ಉತ್ತರಿಸಿದ.

ಉಳಿದ ಸರಂಜಾಮನ್ನೆಲ್ಲ ಆತ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್‌ನಲ್ಲಿ ಕೂರಿಸಿದ. ಕೆಳಗಿನ ಡಬ್ಬಿಯಲ್ಲಿ ಬ್ಯಾಟರಿ. ನಡುವಿನದರಲ್ಲಿ ಸ್ವರಕ್ಕೆ ಗುರುಗುರು ಎನ್ನುವ ಗತ್ತು ಕೊಡುವ ಸರ್ಕ್ಯೂಟು. ಮೇಲಿನ ಡಬ್ಬಿ ಖಾಲಿ. ಅಷ್ಟರಲ್ಲಿ ಗಿಟಾರ್ ಸದ್ದು ಮಾಡಿತು ನಿಜ, ಆದರೆ ಅದು ಇಯರ್‌ಫೋನು ತುರುಕಿಕೊಂಡವನಿಗೆ ಮಾತ್ರ ಕೇಳಿಸುವ ಸದ್ದು. ಅರವತ್ತು ಮಂದಿಗೆ ಸರತಿಯಲ್ಲಿ ಇಯರ್‌ಫೋನು ಕೊಡಲಾದೀತೆ? ಸ್ಪೀಕರನ್ನು ಗುದ್ದಿ ಮಾತಾಡಿಸುವ ಒಂದು ಪವರ್ ಆಂಪ್ಲಿಫೈಯರ್ ಬೇಕಿತ್ತು. ಅದು ಟಿಫಿನ್ನಿನ ಮೇಲಿನ ಡಬ್ಬಿಯಲ್ಲಿ ಹಿಡಿಯುವಷ್ಟು ಸಣ್ಣದಿರಬೇಕು, ಶೋಭಾರಾಣಿ ಬೆಲೆ ಕೇಳಿದಾಗ ತಲೆ ಎತ್ತಿ ಹೇಳುವಷ್ಟು ಅಗ್ಗವಿರಬೇಕು.

ನಿಶ್ಚಿತಾರ್ಥಕ್ಕೆ ಒಂಬತ್ತು ದಿನ ಉಳಿದಿದ್ದಾಗ ಹಾಲೇಶ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿರುವ ಉರುಕುಂದನ ಅಂಗಡಿಗೆ ಹೋದ. ಮದುವೆ, ಮೆರವಣಿಗೆ, ಎಲೆಕ್ಷನ್ನು, ಎಲ್ಲಕ್ಕೂ ಮೈಕ್ ಸೆಟ್ ಹಾಕುವವನು ಉರುಕುಂದ. ಮನುಷ್ಯ ಒಳ್ಳೆಯವನು, ಕೈಗೆ ಸಣ್ಣ ಕೆಲಸ ಮಾತ್ರ ಒಗ್ಗುವುದಿಲ್ಲ.

"ಎಷ್ಟು ವ್ಯಾಟ್ ಬೇಕಣ್ಣಾ?"

"ಹತ್ತು."

"ಹತ್ತು ಸಾವಿರ ಅಂದ್ರ ಜನರೇಟರ್ ಬ್ಯಾರೆ ಬೇಕಾಕ್ಕೈತಿ."

"ಬರೇ ಹತ್ತಪಾ."

ಉರುಕುಂದನಿಗೆ ಅವಮಾನವಾಯಿತು. "ಹತ್ತು ವ್ಯಾಟ್‌ನ್ಯಾಗ ಸೊಳ್ಳಿ ಹಾಡೋದು ಕೇಳಬೇಕಷ್ಟ. ನನ್ನ ಸೆಟ್ ಹಚ್ಚಿದ್ರ ಕೋಸಗಿ ಸ್ಟೇಷನ್‌ನ್ಯಾಗ ರೈಲು ನಿಂತು ಕೇಳ್ತೈತಿ, ಗೊತ್ತೈತೇನು?"

"ನನಗ ಅಷ್ಟು ದೊಡ್ಡದು ಬ್ಯಾಡ. ಈಗ ಸದ್ದು ಭಾಳ ಸಣ್ಣಗ ಕೇಳಸ್ತೈತಿ. ಕಿವ್ಯಾಗ ಇಟಗೊಂಡ್ರ ಅಷ್ಟ ಕೇಳಸ್ತೈತಿ, ತಗದ್ರ ಏನೂ ಇಲ್ಲ. ಇಷ್ಟು ಸಣ್ಣದು ಬೇಕು ನೋಡು, ಕಡ್ಡಿಪೆಟ್ಟಿಗಿಯಷ್ಟು. ಹೊರಗ ಕಾಣಬಾರದು. ಬೀಗರು ಬರೋ ಮುಂಚೆ ಸಿಗಬೇಕು. ಮರ್ಯಾದಿ ಪ್ರಶ್ನೆ."

"ಅಷ್ಟು ಸಣ್ಣದು ಅಂದ್ರ ಕಿವಿ ಮಿಷಿನ್ ಅಣ್ಣಾ. ಅದು ನಮ್ಮಲ್ಲಿ ಇಲ್ಲ. ಡಾಕ್ಟರ್ ಹತ್ರ ಹೋಗು," ಎಂದು ಉರುಕುಂದ ಸಿಟ್ಟಿನಲ್ಲಿ ಹೇಳಿದ.

ಈ ಮಾತನ್ನು ಹಾಲೇಶ ನಕ್ಕು ಅಲ್ಲೇ ಬಿಟ್ಟು ಹೋದ. ಅದನ್ನು ಜೋಪಾನವಾಗಿ ಎತ್ತಿಕೊಂಡವಳು ಅಕ್ಕನಾಗಮ್ಮ. ಹಾಲೇಶನ ನೆರೆಯವಳು, ಎರಡೂ ಮನೆಯ ನಡುವೆ ಒಂದೇ ಗೋಡೆ. ಮಿಕ್ಸಿ ರಿಪೇರಿಗೆಂದು ಬಂದು ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಅಕ್ಕನಾಗಮ್ಮ ಸುದ್ದಿಯನ್ನು ಹೊತ್ತು ತಿರುಗುವವಳು ಎಂದು ಜನ ಹೇಳುತ್ತಿದ್ದುದು ಸರಿಯಲ್ಲ. ಸುದ್ದಿಯೇ ಆಕೆಯನ್ನು ಹೊತ್ತು ತಿರುಗುತ್ತಿತ್ತು.

ಆದರೂ ಖಾತ್ರಿಯಿಲ್ಲದೆ ಬಾಯಿಬಿಡುವ ಹೆಣ್ಣುಮಗಳಲ್ಲ ಆಕೆ. ಆ ಸಂಜೆಯೇ ಹಾಲೇಶನ ಹಿತ್ತಲಿಗೆ ಹೋದಳು. ಹಾಲೇಶ ಗೋಡೆಗೆ ಮುಖ ಮಾಡಿ, ಮಡಿಲಲ್ಲಿ ಬೇವಿನ ಬಾಗಿಲನ್ನಿಟ್ಟುಕೊಂಡು, ಎರಡೂ ಕಿವಿಗೆ ಇಯರ್‌ಫೋನು ಹಾಕಿಕೊಂಡು ತನ್ನ ಒಂದೇ ಧಾಟಿಯನ್ನು ನುಡಿಸುತ್ತಿದ್ದ.

"ಹಾಲೇಶಪ್ಪಾ," ಎಂದಳು. ಉತ್ತರವಿಲ್ಲ. "ಏ ಹಾಲೇಶಪ್ಪಾ!" ಇಲ್ಲ. ಬಚ್ಚಲ ಕಟ್ಟೆಯ ಮೇಲಿದ್ದ ಸ್ಟೀಲ್ ಕೊಡವನ್ನು ಎತ್ತಿ ಬಂಡೆಯ ಮೇಲೆ ಒಗೆದಳು. ಎರಡು ಮನೆ ಆಚೆ ನಾಯಿ ಬೊಗಳಿತು. ಹಾಲೇಶ ತಲೆದೂಗುತ್ತ ತನ್ನಷ್ಟಕ್ಕೆ ನಗುತ್ತಿದ್ದ.

ಅಕ್ಕನಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಬಿದ್ದಳು. ಸದ್ದೇ ಬರದ ಹಲಗೆಯೊಂದನ್ನು ಬಾರಿಸುತ್ತ ಸದ್ದು ಬಂತೆಂದುಕೊಂಡು ನಗುವ ಮನುಷ್ಯನನ್ನು ನೋಡಿ ಯಾರ ಕರುಳು ತಾನೆ ಸುಮ್ಮನಿದ್ದೀತು?

ಮರುದಿನದಿಂದ ಹಾಲೇಶನ ಜಗತ್ತು ಬದಲಾಯಿತು. ಹಾಲಿನವನು ಬಾಗಿಲಲ್ಲಿ ನಿಂತು, "ಹಾಲೂ! ಒಂದ್ ಲೀಟರೂ!" ಎಂದು ಮುಖದ ಹತ್ತಿರ ಬಂದು ಚೀರಿದ. ಕಿರಾಣಿ ಅಂಗಡಿಯವನು, "ಚಕ್ಕರ ಕಾವಾಲಾ? ಸಕ್ರಿ! ಸಕ್ರಿ!" ಎಂದು ಎರಡು ಭಾಷೆಯಲ್ಲಿ ಒದರಿ, ಅನುಮಾನಕ್ಕೆಡೆಯಿಲ್ಲದಂತೆ ಸಕ್ಕರೆಯ ಚೀಲಕ್ಕೆ ಕೈಯಿಂದ ಬಡಿದು ತೋರಿಸಿದ. ಕ್ಷೌರದಂಗಡಿಯಲ್ಲಿ ಕುರ್ಚಿ ಬಿಟ್ಟುಕೊಟ್ಟರು.

"ಯಾಕ ಎಲ್ಲಾರೂ ನನ್ನ ಮ್ಯಾಲ ಒದರಾಕತ್ಯಾರ?" ಎಂದು ಹಾಲೇಶ ಹೆಂಡತಿಯನ್ನು ಕೇಳಿದ.

"ಬೀಗರ ಮುಂದ ಕೊಚ್ಚಿಗೊಂಡಿದ್ದು ಊರಿಗೆಲ್ಲ ಗೊತ್ತಾಗಿರಬೇಕು," ಎಂದಳು ಶೋಭಾರಾಣಿ.

ಆಕೆಗೆ ನಿಜ ತಿಳಿಯದಿದ್ದುದಕ್ಕೆ ಓಣಿಯ ಸಭ್ಯತೆ ಕಾರಣ. ಪಾಪ, ಆಕೆ ನುಂಗಿಕೊಂಡಿದ್ದಾಳೆ, ನಾವಾಗಿ ಎತ್ತುವುದು ಬೇಡ ಎಂದು ಹೆಂಗಸರೆಲ್ಲ ಗೊತ್ತುಮಾಡಿಕೊಂಡಿದ್ದರು. ನಲ್ಲಿಯ ಹತ್ತಿರ ಅಕ್ಕನಾಗಮ್ಮ ಶೋಭಾರಾಣಿಯ ಕೈ ಹಿಡಿದು, "ಗಟ್ಟಿ ಮನಸು ಮಾಡ್ಕೋವಾ. ದೇವರು ಕೊಟ್ಟಿದ್ದು," ಎಂದಳು.

ಶೋಭಾರಾಣಿ ಗಿಟಾರಿನ ವಿಷಯವೆಂದುಕೊಂಡಳು. "ಏನ್ ಮಾಡೋದಕ್ಕಾ. ಕಟಗೊಂಡ ಮ್ಯಾಲ ಸಹಿಸಬೇಕು. ಸಂಜಿ ಮುಂದ ಎರಡು ತಾಸು ಭಾಳ ಜೋರಿರ್ತೈತಿ. ಉಳಿದ ಹೊತ್ತು ಮನಷ್ಯಾ ಚೊಲೋನ ಇರ್ತಾನ."

"ಸಂಜಿ ಮುಂದ ಜಾಸ್ತಿ ಆಕ್ಕೈತೇನು!" ಎಂದು ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು.

ಮಿಲ್ಲಿನಲ್ಲಿ ಗೇಟು ಕಾಯುವ ಸುಂಕಣ್ಣ ಚೀರುವುದು ಮರ್ಯಾದೆಯಲ್ಲವೆಂದು ಕೈಸನ್ನೆ ಹಿಡಿದ. ಬರುವ ಲಾರಿಗಳವರಿಗೂ, "ಕಾಟಾ ಸಾರ್‌ಕಿ ಚೆವುಡು. ಸೈಗಲು ಚೇಯಂಡಿ," ಸಾರಿಗೆ ಕಿವುಡು, ಸನ್ನೆ ಮಾಡಿರಿ ಎಂದು ತೆಲುಗಿನಲ್ಲಿ ಹೇಳಿ ಒಳಗೆ ಬಿಡುತ್ತಿದ್ದ. ದೇವನಕೊಂಡದ ಕಡೆಯಿಂದ ಹತ್ತಿ ತಂದ ಡ್ರೈವರನೊಬ್ಬ ಹಾಲೇಶನ ಮುಂದೆ ನಿಂತು, ತೋಳು ಚಾಚಿ ಲಾರಿಯನ್ನು ತೋರಿಸಿ, ಎರಡು ಕೈಯಿಂದ ತಕ್ಕಡಿ ಮಾಡಿ, ಹೊಟ್ಟೆ ಮುಟ್ಟಿಕೊಂಡು, ಬೇಗ ತೂಗಿದರೆ ಊಟಕ್ಕೆ ಹೋಗುತ್ತೇನೆ ಎಂಬ ಅರ್ಥದ ಒಂದು ನೃತ್ಯವನ್ನೇ ಮಾಡಿದ. ಅಯ್ಯೋ, ಮೂಗನಿಗೂ ಲಾರಿ ಲೈಸೆನ್ಸು ಕೊಡುತ್ತಾರಲ್ಲ ಎಂದು ಹಾಲೇಶನಿಗೆ ಮರುಕ ಬಂತು. ಆತನೂ ಮಾತಾಡದೆ, ಬೆರಳಿನಿಂದ ಗಾಳಿಯಲ್ಲಿ ತೂಕ ಬರೆದು, ಊಟ ಮಾಡಿ ಬಾ ಎಂದು ಬಾಯಿಗೆ ತುತ್ತಿಟ್ಟು ತೋರಿಸಿದ. ಡ್ರೈವರ್ ಹೊರಗೆ ಬಂದು ಸುಂಕಣ್ಣನಿಗೆ ಹೇಳಿದ: "ಚೆವುಡೇ ಕಾದನ್ನಾ, ಮೂಗ ಕೂಡಾ!" ಆ ಸಂಜೆ ಮಿಲ್ಲಿನ ಗೇಟಿನಲ್ಲಿ ಹಾಲೇಶನ ಕಿವಿಯ ಜೊತೆ ನಾಲಗೆಯೂ ಹೋಯಿತು.

ಐದನೆಯ ದಿನ ಸರ್ಕಾರ ಮನೆಬಾಗಿಲಿಗೆ ಬಂತು. ವಾರ್ಡಿನ ಕಚೇರಿಯ ಒಬ್ಬ ಮೇಡಂ, ಕೈಯಲ್ಲಿ ಟ್ಯಾಬು, ಬಗಲಲ್ಲಿ ಫೈಲು. ಅರ್ಹರೊಬ್ಬರು ಪಿಂಚಣಿಯಿಲ್ಲದೆ ಕಷ್ಟಪಡುತ್ತಿದ್ದಾರೆ ಎಂದು ಅಕ್ಕನಾಗಮ್ಮ ಅವರಿಗೆ ತಿಳಿಸಿದ್ದಳು. ಮೇಡಂ ಒಳ್ಳೆಯ ಮನಸ್ಸಿನವರು. ನೋವಾಗುವ ಶಬ್ದಗಳನ್ನು ಬಳಸಬಾರದೆಂದು ಅವರಿಗೆ ತರಬೇತಿಯಾಗಿತ್ತು. ಹೀಗಾಗಿ ಕಿವಿ ಎನ್ನುವ ಪದವನ್ನೇ ಎತ್ತಲಿಲ್ಲ.

"ಸಾರ್, ನಿಮ್ಮ ಬಗ್ಗೆ ಕೇಳಿ ಬಂದೆ. ನಿಮ್ಮಂಥವರಿಗೆ ಗವರ್ನಮೆಂಟು ಪಿಂಚಣಿ ಕೊಡ್ತೈತಿ!" ಎಂದು ಗಟ್ಟಿಯಾಗಿ ಹೇಳಿದರು.

ಹಾಲೇಶನ ಎದೆ ಉಬ್ಬಿತು. ಕಲಾವಿದರಿಗೆ ಪಿಂಚಣಿ ಇದೆಯೆಂದು ಆತ ಎಲ್ಲೋ ಓದಿದ್ದ. ಆದರೆ ಸಭೆಯಲ್ಲಿ ಬಾರಿಸುವ ಮೊದಲೇ ಬರುತ್ತದೆಂದು ಗೊತ್ತಿರಲಿಲ್ಲ. "ಕೂಡ್ರಿ ಮೇಡಂ, ಕೂಡ್ರಿ."

"ಯಾವಾಗಿಂದ ಸಾರ್ ಇದು?"

"ಪಾಲಿಟೆಕ್ನಿಕ್ ಓದೋವಾಗಿಂದ್ರಿ. ನಡುವ ಪೂರಾ ಹೋಗಿತ್ತು. ಈಗ ಹದಿನೈದು ದಿನದಿಂದ ತಿರುಗಿ ಶುರು ಆಗೈತಿ."

"ಎನ್ನಿ ಪರ್ಸೆಂಟ್ ಉಂಟುಂದಿ? ಎಷ್ಟು, ಅಂದಾಜು?"

ಹಾಲೇಶ ವಿನಯದಿಂದ ನೆಲ ನೋಡಿದ. "ನಾನ ಹೇಳಬಾರದು. ಎಂಬತ್ತು ಹಾಕ್ಕೊಳ್ರಿ."

ಮೇಡಂ ನಿಟ್ಟುಸಿರು ಬಿಟ್ಟು ಎಂಬತ್ತು ಬರೆದುಕೊಂಡರು. "ಮನೆಯಲ್ಲಿ ಇನ್ನ ಯಾರಿಗಾದ್ರೂ ಐತಾ ಸಾರ್?"

"ನಮ್ಮ ಮಗಳಿಗೆ ಸ್ವಲ್ಪ ಬಂದೈತ್ರಿ. ಮೊನ್ನಿ ಗೊತ್ತಾತು. ದಿನಾ ನನ್ನ ಸಂಗಾಟ ಕೂತ್ರ ಮದುವಿ ಹೊತ್ತಿಗೆ ಆಕಿಗೂ ಪೂರಾ ಬರ್ತೈತಿ."

ಮೇಡಂ ಅವರ ಪೆನ್ನು ನಿಂತಿತು. ಗೋಡೆಯಾಚೆ ಅಕ್ಕನಾಗಮ್ಮನ ಕೈಯಿಂದ ಏನೋ ಬಿದ್ದ ಸದ್ದು ಕೇಳಿಸಿತು. ಹಾಲೇಶನಿಗೂ ಕೇಳಿಸಿತು, ಆದರೆ ಆತ ಪಿಂಚಣಿಯ ಗುಂಗಿನಲ್ಲಿದ್ದ.

ಅಲ್ಲಿಂದ ಸುದ್ದಿ ಮದ್ದಿಕೇರಕ್ಕೆ ಹೋಗಲು ಬಸ್ಸಿಗಿಂತ ಕಡಿಮೆ ಹೊತ್ತು ಹಿಡಿಯಿತು. ಶುಕ್ರವಾರ ಬೆಳಿಗ್ಗೆ ಚಿಕ್ಕಪ್ಪನ ಫೋನು ಬಂದದ್ದು ಶೋಭಾರಾಣಿಯ ಕೈಗೆ.

"ಅಮ್ಮಾ, ನಾವು ಮರ್ಯಾದಿವಂತರು. ಬೀಗರಿಗೆ ಕಿವಿ ಕೇಳಂಗಿಲ್ಲಂತ. ಮಾತೂ ಬರಂಗಿಲ್ಲಂತ. ಹೋಗ್ಲಿ, ಅದು ಹಣೆಬರಹ. ಆದ್ರ ಹುಡುಗಿಗೂ ಶುರು ಆಗೈತಿ, ಮದುವಿ ಹೊತ್ತಿಗೆ ಪೂರಾ ಆಕ್ಕೈತಿ ಅಂತ ಅವರ ಬಾಯಿಂದಾನ ಬಂದೈತಂತಲ್ಲ! ಮಾತು ಬರದವ್ರು ಹೆಂಗ ಹೇಳಿದ್ರೋ ಆ ದೇವರಿಗೆ ಗೊತ್ತು. ಭಾನುವಾರ ಬರ್ತೀವಿ. ಆದ್ರ ನಿಶ್ಚಿತಾರ್ಥಕ್ಕ ಅಲ್ಲ. ಕಣ್ಣಿಂದ ನೋಡಿ, ಸರಿ ಇದ್ರ ತಾಂಬೂಲ, ಇಲ್ಲಾಂದ್ರ ಗಾಡಿ ತಿರುಗಸ್ತೀವಿ."

ಶೋಭಾರಾಣಿ ಫೋನು ಇಟ್ಟು ಹಿತ್ತಲಿಗೆ ಹೋಗಿ ಗಂಡನ ಕಿವಿಯಿಂದ ಇಯರ್‌ಫೋನು ಕಿತ್ತಳು. ಮುಂದೆ ಅರ್ಧ ತಾಸು ಆಕೆ ಹೇಳಿದ್ದನ್ನು ಓಣಿಯೆಲ್ಲ ಕೇಳಿತು. ಪಾಪ, ಕಿವುಡ ಗಂಡನಿಗೆ ತಿಳಿಸಿ ಹೇಳಲು ಎಷ್ಟು ಕಷ್ಟಪಡುತ್ತಿದ್ದಾಳೆ ಎಂದು ಓಣಿ ಇನ್ನಷ್ಟು ಮರುಗಿತು.

ಹಾಲೇಶ ಮೊದಲು ನಕ್ಕ. ಹಾಲಿನವನು, ಸಕ್ಕರೆ ಚೀಲ, ಮೂಗ ಡ್ರೈವರ್, ಎಂಬತ್ತು ಪರ್ಸೆಂಟು, ಒಂದೊಂದೇ ನೆನಪಾಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಷ್ಮಾಳ ಮುಖ ಕಾಣಿಸಿತು. ಗಿಟಾರನ್ನು ಮಡಿಲಿಂದ ಕೆಳಗಿಟ್ಟ. ಹುಡುಗಿಗೆ ಸೋಮೇಶ ಮನಸ್ಸಿಗೆ ಬಂದಿದ್ದ. ಅದು ಫೋನು ಬಂದಾಗಲೆಲ್ಲ ಆಕೆ ಮಾಳಿಗೆಗೆ ಓಡುವುದರಿಂದ ಮನೆಯವರಿಗೆಲ್ಲ ಗೊತ್ತಿತ್ತು.

"ಅಪ್ಪಾ, ಈಗ ಏನ್ ಮಾಡ್ತಿ?"

"ಬಾರಸ್ತೀನವ್ವಾ," ಎಂದ ಹಾಲೇಶ. "ಅರವತ್ತು ಮಂದಿ ಮುಂದ ಸ್ವರ ತಪ್ಪದಂಗ ಬಾರಿಸಿದ್ರ ಕಿವುಡ ಅಂತ ಯಾರಂತಾರ?"

"ನಿನಗ ಇರೋದು ಒಂದ ಧಾಟಿ ಅಪ್ಪಾ."

"ಒಂದು ಸಾಕು."

ಹೀಗೆ ಕೊಚ್ಚಿಕೊಳ್ಳಲು ಬೇಕಾಗಿದ್ದ ಆಂಪ್ಲಿಫೈಯರ್ ಈಗ ಮಗಳ ಮದುವೆಗೇ ಬೇಕಾಯಿತು. ಆನ್‌ಲೈನಿನಲ್ಲಿ ತಕ್ಕುದಾದದ್ದು ಇತ್ತು, ತಲುಪುವುದು ಮಂಗಳವಾರ. ಹಾಲೇಶ ಶುಕ್ರವಾರವೆಲ್ಲ ಊರು ತಿರುಗಿದ. ಮೊಬೈಲ್ ಅಂಗಡಿಯವರು ಆತನನ್ನು ಕಂಡೊಡನೆ ಕಿವಿ ಮುಟ್ಟಿಕೊಂಡು ಇಲ್ಲವೆಂದು ಕೈ ಆಡಿಸಿದರು. ಟಿವಿ ರಿಪೇರಿಯವನು ಒಂದು ಚೀಟಿಯಲ್ಲಿ ಕರ್ನೂಲಿನ ಡಾಕ್ಟರೊಬ್ಬರ ಹೆಸರು ಬರೆದುಕೊಟ್ಟ. ಔಷಧದಂಗಡಿಯ ಮುದುಕ, ಕೇಳದಿದ್ದರೂ, ಬೆಚ್ಚಗಿನ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೋ ಎಂದ.

ಶನಿವಾರ ಬೆಳಿಗ್ಗೆ ಹಾಲೇಶ ಕಟ್ಟೆಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಓಣಿಗೆ ಸೂರಿಯ ಗುಜರಿ ಬಂಡಿ ಬಂತು. ಬಂಡಿಯ ಹಿಡಿಗೆ ಕಟ್ಟಿದ ಅಂಗೈಯಗಲದ ಡಬ್ಬಿಯೊಂದು ಓಣಿ ನಡುಗುವಂತೆ ಕೂಗುತ್ತಿತ್ತು. ಸೂರಿ ಬಾಯಿ ಮುಚ್ಚಿಕೊಂಡು ಬೀಡಿ ಸೇದುತ್ತಿದ್ದ.

ಹಾಲೇಶ ಎದ್ದು ನಿಂತ. ಇಷ್ಟು ಸಣ್ಣ ಡಬ್ಬಿ, ಇಷ್ಟು ದೊಡ್ಡ ಸದ್ದು! "ಸೂರಿ, ಆ ಡಬ್ಬಿ ಕೊಡ್ತೀಯೇನು?"

ಸೂರಿಗೂ ಸುದ್ದಿ ಗೊತ್ತಿತ್ತು. ಆತ ಹಾಲೇಶನ ಕಿವಿಯ ಹತ್ತಿರ ಬಾಯಿ ತಂದು, "ಕೊಡ್ತೀನಿ ಸಾರ್! ನೂರಾ ಐವತ್ತು! ಆದ್ರ ಅದು ತನ್ನಷ್ಟಕ್ಕ ತಾನು ಒದರತೈತಿ ಸಾರ್, ನೋಡ್ಕೋರಿ!" ಎಂದು ಚೀರಿದ.

ನೂರಾ ಐವತ್ತು ಎಂಬುದು ಕೇಳಿದ ಮೇಲೆ ಹಾಲೇಶನಿಗೆ ಮುಂದಿನದು ನಿಜಕ್ಕೂ ಕೇಳಿಸಲಿಲ್ಲ. ಒಳಗೆ ಕಡ್ಡಿಪೆಟ್ಟಿಗೆಯಷ್ಟು ಹಸಿರು ಹಲಗೆ, ಅದರ ಮೇಲೆ ಹೆಸರುಕಾಳಿನಷ್ಟು ಕರಿಯ ಚಿಪ್ಪು. ಟಿಫಿನ್ನಿನ ಮೇಲಿನ ಡಬ್ಬಿಯಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಗಿಟಾರ್ ತಗುಲಿಸಿ ತಂತಿ ಮೀಟಿದ. ಹಳೆಯ ಸ್ಪೀಕರಿನಿಂದ ಗುರ್ರೆಂದು ಹೊರಟ ಸದ್ದಿಗೆ ಅಕ್ಕನಾಗಮ್ಮನ ಮನೆಯ ಪಾತ್ರೆಗಳು ಗಲಗಲವೆಂದವು. ಹಾಲೇಶ ಹಿತ್ತಲಲ್ಲಿ ಕುಣಿದ.

ಭಾನುವಾರ ಮನೆಯ ಮುಂದೆ ಶಾಮಿಯಾನ ಎದ್ದಿತು. ಲೈಟಿಗೆಂದು ಬಂದಿದ್ದ ಉರುಕುಂದ ಟಿಫಿನ್ ಕ್ಯಾರಿಯರನ್ನು ನೋಡಿ ಮುಖ ತಿರುಗಿಸಿದ. ಹನ್ನೊಂದಕ್ಕೆ ಮದ್ದಿಕೇರದ ನಾಲ್ಕು ಗಾಡಿ ಬಂದು ನಿಂತವು. ಮುಖಗಳೆಲ್ಲ ಸಾವಿನ ಮನೆಗೆ ಬಂದಂತೆ ಬಿಗಿದಿದ್ದವು. ಬೀಗರು ಇಳಿಯುವಾಗ ಮಂಗಳಧ್ವನಿಯಿರಲಿ ಎಂದು ಹಾಲೇಶ ಟಿಫಿನ್ನಿನ ಮುಚ್ಚಳ ಒತ್ತಿ ಕೊಕ್ಕೆ ಹಾಕಿ, ಸ್ವಿಚ್ಚು ಹಾಕಿ, ತಂತಿಗೆ ಕೈ ಇಟ್ಟ.

ಮುಚ್ಚಳದ ಒಳಬದಿ ಹಸಿರು ಹಲಗೆಯ ಮೇಲಿನ ಒಂದು ಗುಂಡಿಯನ್ನು ಅಮುಕಿತು. ಸ್ಪೀಕರ್ ಬಾಯಿಬಿಟ್ಟಿತು.

"ಪಾತ ಸಾಮಾನ್ಲು ಕೊಂಟಾಂ!"

ಹಳೆಯ ಸಾಮಾನು ಕೊಳ್ಳುತ್ತೇವೆ! ಮೊದಲ ಗಾಡಿಯಿಂದ ಒಂದು ಕಾಲು ಕೆಳಗಿಟ್ಟಿದ್ದ ಚಿಕ್ಕಪ್ಪ ಹಾಗೇ ನಿಂತ.

"ವಿರಿಗಿಪೋಯಿನ ಕುರ್ಚೀಲು ಕೊಂಟಾಂ!" ಮುರಿದ ಕುರ್ಚಿಯೂ ಆದೀತು ಎಂದಿತು ಸ್ಪೀಕರ್, ಕೋಲೂರಿಕೊಂಡು ಇಳಿಯುತ್ತಿದ್ದ ದಪ್ಪ ಸೋದರಮಾವನ ಕಡೆಗೆ. "ಪನಿ ಚೇಯನಿವಿ ಕೊಂಟಾಂ!" ಕೆಲಸಕ್ಕೆ ಬಾರದ್ದೂ ಬೇಕು ಎಂದಾಗ ಎದುರಿಗಿದ್ದದ್ದು ಮದುವೆಯ ಹುಡುಗ. ಹಾಲೇಶ ಕೊಕ್ಕೆ ಎಳೆದ, ಅದು ಬಿಗಿದುಕೊಂಡಿತ್ತು. ಸ್ವಿಚ್ಚು ಆರಿಸಿದ, ಕೈಗೇ ಬಂತು. ಕೊನೆಯ ಗಾಡಿಯ ಬಾಗಿಲು ತೆರೆದು ಪಂಪಣ್ಣನ ತಾಯಿ, ಎಂಬತ್ತೆರಡರ ಅಂಬಮ್ಮ, ಇಬ್ಬರ ಆಸರೆಯಲ್ಲಿ ನೆಲಕ್ಕೆ ಕಾಲಿಟ್ಟಳು.

"ಎಂತ ಪಾತದೈನಾ ಪರ್ವಾಲೇದು, ತೀಸ್ಕುರಂಡಿ!"

ಎಷ್ಟೇ ಹಳೆಯದಾದರೂ ಅಡ್ಡಿಯಿಲ್ಲ, ತನ್ನಿರಿ.

ತೆಲುಗು ಗೊತ್ತಿಲ್ಲದವರು ಆ ಶಾಮಿಯಾನದಲ್ಲಿ ಒಬ್ಬರೂ ಇರಲಿಲ್ಲ. ಎರಡು ಕೂಗಿನ ನಡುವಿನ ಬಿಡುವಿನಲ್ಲಿ ಚಿಕ್ಕಪ್ಪ ಹೆಂಡತಿಯ ಕಡೆ ಬಾಗಿ ಮೆಲ್ಲಗೆ, "ಗಾಡಿ ಹತ್ತು. ಕಿವುಡು ಅಷ್ಟ ಅಲ್ಲ, ಹುಚ್ಚೂ ಐತಿ," ಎಂದ.

"ಹುಚ್ಚಿಲ್ಲರೀ, ಕಿವುಡೂ ಇಲ್ಲ!" ಎಂದು ಹಾಲೇಶ ಇಪ್ಪತ್ತು ಹೆಜ್ಜೆ ದೂರದಿಂದ ಕೂಗಿದ. "ಇದು ಗುಜರಿ ಸೂರಿದು ಆಂಪ್ಲಿಫೈಯರ್!"

ಪಿಸುಮಾತು ಕೇಳಿಸಿಕೊಂಡ ಕಿವುಡನನ್ನು ಅರವತ್ತು ಮಂದಿ ಬಾಯಿಬಿಟ್ಟು ನೋಡಿದರು. ಅಕ್ಕನಾಗಮ್ಮ ಮೂರ್ಛೆ ಹೋಗಲು ತಕ್ಕ ಕುರ್ಚಿ ಹುಡುಕಿದಳು. ಆಗ ಪಂಪಣ್ಣ ಮುಂದೆ ಬಂದ. ಮುಖದ ತುಂಬ ನಗು. ಕೂಗುತ್ತಲೇ ಇದ್ದ ಸ್ಪೀಕರಿಗೆ ಎರಡೂ ಕೈ ಜೋಡಿಸಿದ.

"ಬಂದ್ವಿರೀ, ಬಂದ್ವಿ. ಇಷ್ಟು ಪ್ರೀತಿಲಿಂದ ಕರೀತೀರಿ, ಬರದ ಇರ್ತೀವೇನು? ಮೈಕ್ ಹಚ್ಚಿ ನಮ್ಮನ್ನ ಯಾರು ಕರದಿದ್ರು ಇಲ್ಲೀತನಕ!"

ಗದ್ದಲ ನಿಂತಿತು. ಉರುಕುಂದ ಇಕ್ಕಳದಿಂದ ಕೊಕ್ಕೆ ಮುರಿದು ಗುಂಡಿ ಬಿಡಿಸಿದ್ದರಿಂದ ಸ್ಪೀಕರೂ ನಿಂತಿತು. ಆ ನಿಶ್ಶಬ್ದದಲ್ಲಿ ಚಿಕ್ಕಪ್ಪ ಕೆಮ್ಮಿ, "ಅಣ್ಣಗ ಇವತ್ತು ಸ್ವಲ್ಪ ಶೀತ," ಎಂದ.

"ಶೀತ ಅಲ್ಲ, ಏನಲ್ಲ!" ಎಂದಳು ಅಂಬಮ್ಮ, ಕುರ್ಚಿಯಲ್ಲಿ ಕೂಡುತ್ತ. "ಸಾಕಾತು ನನಗ. ನನ್ನ ಮಗಗ ಹತ್ತು ವರ್ಷಾತು ಕಿವಿ ಕೇಳಂಗಿಲ್ಲ. ಊರಾಗ ಗೊತ್ತಾಗಬಾರದು, ಹುಡುಗಗ ಹೆಣ್ಣು ಸಿಗಬೇಕು ಅಂತ ಇವರೆಲ್ಲ ಕೂಡಿ ಮುಚ್ಚಿಟ್ಟಾರ. ಎಲ್ಲಾದಕ್ಕೂ ನಗ್ತಾ ತಲಿ ಹಾಕು ಅಂತ ಹೇಳಿಕೊಟ್ಟಾರ. ಇನ್ನೊಬ್ಬರ ಕಿವಿ ನೋಡಾಕ ಬಂದ್ವಿ ನಾವು! ನಾಚಿಕಿ ಆಗಬೇಕು."

ಚಿಕ್ಕಪ್ಪ ಶಾಮಿಯಾನದ ಕಂಬವನ್ನು ಪರೀಕ್ಷಿಸತೊಡಗಿದ. ಪಂಪಣ್ಣ ತಾಯಿಯ ಮಾತಿಗೂ ನಗುತ್ತ ತಲೆಯಾಡಿಸಿದ. ಸುಷ್ಮಾ ಒಂದು ಕ್ಷಣ ಸೋಮೇಶನನ್ನು ನೋಡಿದಳು. ಆತ ತಲೆ ತಗ್ಗಿಸಿ ನಿಂತಿದ್ದ. ಆಕೆ ಹೋಗಿ ಪಂಪಣ್ಣನ ಕೈ ಹಿಡಿದು ತಂದು ಸ್ಪೀಕರಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, "ಅಪ್ಪಾ, ಬಾರಸು," ಎಂದಳು.

ಹಾಲೇಶ ಬಾರಿಸಿದ. ಬೇವಿನ ಬಾಗಿಲಿನಿಂದ ಹೊರಟ ಆ ಒಂದೇ ಧಾಟಿ, ನಡುವೆ ಎರಡು ಕಡೆ ಎಡವಿ, ಗುರುಗುರು ಎನ್ನುತ್ತ ಕೊನೆ ಮುಟ್ಟಿತು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ಜನ ಯೋಚಿಸುತ್ತಿರುವಾಗ ಪಂಪಣ್ಣ ಸ್ಪೀಕರಿಗೆ ಕೆನ್ನೆ ಹಚ್ಚಿ, ಕಣ್ಣರಳಿಸಿ, "ಮತ್ತೊಮ್ಮಿ!" ಎಂದ. ಮತ್ತೊಮ್ಮೆ ಬಾರಿಸಿದ. "ಮತ್ತೊಮ್ಮಿ!" ಏಳು ಸಲವಾಯಿತು. ಎಂಟನೆಯ ಸಲಕ್ಕೆ ಅಂಬಮ್ಮನ ತಾಳ್ಮೆ ತೀರಿತು. ಎದ್ದು ಬಂದು ಮಗನಿಗೆ ಬಯ್ಯಲೆಂದು ಬಾಗಿದಳು. ಬಾಗಿದ್ದು ಹಾಲೇಶನ ಗಿಟಾರಿನ ಮೇಲೆಯೇ.

"ಏ ಪಂಪಾ, ಸಾಕು ಏಳೋ!"

ಅದು ಸ್ಪೀಕರಿನಿಂದ ಗುಡುಗಿತು. ಹಾಲೇಶ ಕೈಯಾರೆ ಸುತ್ತಿದ ಸುರುಳಿ ಬಿಗಿಯಾಗದೆ ಸಡಿಲವಾಗಿತ್ತು. ಹತ್ತಿರ ಗಟ್ಟಿಯಾಗಿ ಮಾತಾಡಿದರೆ ಮಾತನ್ನೂ ಹಿಡಿಯುತ್ತಿತ್ತು. ಅದೊಂದು ದೋಷವೆಂದು ಆತ ಯಾರಿಗೂ ಹೇಳಿರಲಿಲ್ಲ.

ಪಂಪಣ್ಣನ ಮುಖದಿಂದ ನಗು ಮಾಯವಾಯಿತು. ಆತ ಸ್ಪೀಕರನ್ನೂ ತಾಯಿಯನ್ನೂ ತಿರುತಿರುಗಿ ನೋಡಿದ.

"ಅವ್ವಾ? ನಿನ್ನ ಧ್ವನಿ ಎಷ್ಟು ಸೊರಗೈತೆವ್ವಾ!"

ಅಂಬಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಶೋಭಾರಾಣಿ ಅಳತೊಡಗಿದಳು. ಅಕ್ಕನಾಗಮ್ಮ ಆಕೆಗಿಂತ ಜೋರಾಗಿ ಅತ್ತಳು. ಉರುಕುಂದ ಹತ್ತು ವ್ಯಾಟಿಗೆ ಮನಸ್ಸಿನಲ್ಲೇ ಕೈ ಮುಗಿದ.

ಆಮೇಲೆ ಅಂಬಮ್ಮ ಕುರ್ಚಿ ಎಳೆಸಿಕೊಂಡು ಕೂತು, "ಕೊಡಪಾ ಇಲ್ಲಿ," ಎಂದು ಹಾಲೇಶನ ಮಡಿಲಿಂದ ಗಿಟಾರನ್ನು ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು. ಗಂಟಲು ಸರಿಮಾಡಿಕೊಂಡಳು.

"ಕೇಳು ಪಂಪಾ. ಎರಡು ಸಾವಿರದ ಹದಿನೈದನೇ ಇಸ್ವಿ. ಆ ಕಪ್ಪ ಎತ್ತು ಮಾರಬ್ಯಾಡ ಅಂತ ಬಡಕೊಂಡೆ. ನೀ ನಗ್ತಾ ತಲಿ ಹಾಕಿ, ಮರುದಿನಾನ ಮಾರಿ ಬಂದಿ..."

ತಾಂಬೂಲ ಬದಲಿಸಿಕೊಳ್ಳಲು ಆಕೆ ಐದು ನಿಮಿಷ ಬಿಡುವು ಕೊಟ್ಟಳು. ಮಂತ್ರ ಮುಗಿಯಿತು, ಉಂಗುರ ಹಾಕಿದರು, ಮೊದಲ ಪಂಕ್ತಿ ಊಟಕ್ಕೆ ಕೂತು ಎದ್ದಿತು, ಎರಡನೆಯ ಪಂಕ್ತಿಗೆ ಹೋಳಿಗೆ ಬಡಿಸಿದರು. ಪಂಪಣ್ಣ ಕೈಕಟ್ಟಿಕೊಂಡು ಕಣ್ಣೀರು ಒರೆಸಿಕೊಳ್ಳುತ್ತ ಒಂದೊಂದು ಬೈಗುಳವನ್ನೂ ಪ್ರಸಾದದಂತೆ ಸ್ವೀಕರಿಸುತ್ತಿದ್ದ. ಮೂರನೆಯ ಪಂಕ್ತಿಯೂ ಕೈ ತೊಳೆದುಕೊಂಡಿತು. ಎಲೆಗಳನ್ನು ಎತ್ತಿದರು. ಅಂಬಮ್ಮ ಆಗಿನ್ನೂ ಎರಡು ಸಾವಿರದ ಹದಿನೆಂಟಕ್ಕೆ ಬಂದಿದ್ದಳು.